ಅಪ್‌ಡೇಟ್: ವಾಹಕ ಲೇಪನದ ಗಾಜು ಹಾಕಿದರೂ ನಿಲ್ಲದಿದ್ದ ಪರದೆಯ ನಡುಕ

ಕಾರವಾರದ ಬೈತಖೋಲ ಬಂದರಿನಲ್ಲಿರುವ ನಮ್ಮ ದೋಣಿಯಲ್ಲಿ ವಿಎಚ್‌ಎಫ್ ರೇಡಿಯೋದಲ್ಲಿ ಮಾತನಾಡಿದಾಗಲೆಲ್ಲ ಫಿಶ್ ಫೈಂಡರ್ (ನೀರಿನಡಿಯ ಮೀನುಗಳನ್ನು ತೋರಿಸುವ ಯಂತ್ರ) ಪರದೆ ನಡುಗುತ್ತದೆ, ಅದರ ಲೋಹದ ಪೆಟ್ಟಿಗೆಯ ಕಿಟಕಿಗೆ ರೇಡಿಯೋ ಅಲೆಗಳನ್ನು ತಡೆಯಲೆಂದು ಇಂಡಿಯಂ ಟಿನ್ ಆಕ್ಸೈಡ್ (ವಿದ್ಯುತ್ ಹರಿಯಬಿಡುವ ಪಾರದರ್ಶಕ ವಸ್ತು) ಲೇಪಿಸಿದ ಗಾಜು ಹಾಕಿಸಿದರೂ ಪ್ರಯೋಜನವಾಗಿಲ್ಲ ಎಂದು ಹಿಂದೆ ಕೇಳಿದ್ದೆ. ಲೇಪನಕ್ಕೂ ಪೆಟ್ಟಿಗೆಗೂ ವಿದ್ಯುತ್ ಸಂಪರ್ಕವಿದೆಯೇ ನೋಡಿ ಎಂದವರಿಗೆ ನಾನು ಋಣಿ, ದೋಷವಿದ್ದದ್ದು ಅಲ್ಲಿಯೇ.

ಗಾಜನ್ನು ಬಿಚ್ಚಿ ಎರಡೂ ಮೈಗೆ ಮಲ್ಟಿಮೀಟರಿನ ಕಡ್ಡಿಗಳನ್ನು ಮೆಲ್ಲಗೆ ತಾಗಿಸಿದಾಗ, ಲೇಪನವಿರುವ ಮೈ ಹೊರಮುಖವಾಗಿತ್ತೆಂದೂ ಚೌಕಟ್ಟಿಗೆ ತಾಗಿದ್ದು ಬರಿಯ ಗಾಜು ಮತ್ತು ಸಿಲಿಕೋನ್ ಅಂಟು ಎಂದೂ ತಿಳಿಯಿತು. ಪ್ರತಿ ಚೌಕಕ್ಕೆ (ಚೌಕ ಎಷ್ಟೇ ದೊಡ್ಡದಿರಲಿ) 10 ಓಮ್ ರೋಧವಿರುವ ಲೇಪನ ಲೆಕ್ಕದ ಪ್ರಕಾರ ಸುಮಾರು 26 ಡೆಸಿಬೆಲ್ ತಡೆ ಒದಗಿಸಬಲ್ಲದಾದರೂ, ಅದರ ಅಂಚು ಸುತ್ತಲೂ ಲೋಹಕ್ಕೆ ಕೂಡಿರದಿದ್ದರೆ, ರೇಡಿಯೋ ಅಲೆಗಳಿಂದ ಅದರಲ್ಲಿ ಹುಟ್ಟುವ ವಿದ್ಯುತ್ ಪ್ರವಾಹ ಪೆಟ್ಟಿಗೆಗೆ ಹರಿಯಲಾರದೆ ಆ ಸಂದಿಯಿಂದಲೇ ಅಲೆಗಳು ಒಳಕ್ಕೆ ಸೋರುತ್ತವೆ.

ಚೌಕಟ್ಟಿನ ಬಣ್ಣವನ್ನು ಹೊಳೆಯುವ ಲೋಹ ಕಾಣುವವರೆಗೆ ಕೆರೆದು, ಲೇಪನದ ಮೈಯನ್ನು ಒಳಕ್ಕೆ ತಿರುಗಿಸಿ, ನಡುವೆ ವಾಹಕ ಗ್ಯಾಸ್ಕೆಟ್ (ವಿದ್ಯುತ್ ಹರಿಯಬಿಡುವ, ಸಂದಿ ಮುಚ್ಚುವ ಪಟ್ಟಿ) ಕೂರಿಸಿದೆ. ಸಿಲಿಕೋನ್ ಈಗ ಹೊರಅಂಚಿನಲ್ಲಿ ಮಾತ್ರ, ಉಪ್ಪುಗಾಳಿಯನ್ನು ತಡೆಯುವುದಕ್ಕೆ. ರೇಡಿಯೋ ಪೂರ್ಣ 25 ವ್ಯಾಟ್‌ನಲ್ಲಿದ್ದಾಗಲೂ ಪರದೆ ಅಲುಗಲಿಲ್ಲ. ಸಂಪರ್ಕದ ಜಾಗ ತುಕ್ಕು ಹಿಡಿದರೆ ತೊಂದರೆ ಮರಳುವುದರಿಂದ, ಮಳೆಗಾಲ ಮುಗಿದೊಡನೆ ಮತ್ತೆ ಓಮ್ ಅಳೆಯುವೆ.