ಪದಚರ್ಚೆ: ‘ಕಾರ್ಯ’, ‘ತಿಥಿ’, ‘ಪೌತಿ’ – ಸಾವಿನ ಮನೆಗೆ ಯಾವ ಮಾತು?

ಎಲ್ಲರಿಗೂ ನಮಸ್ಕಾರ.

ಹೋದ ವರ್ಷ ನಮ್ಮ ಅಪ್ಪ ತೀರಿಕೊಂಡರು. ನಮ್ಮದು ಮಂಡ್ಯದ ಕಡೆಯ ಹಳ್ಳಿ. ಅವರು ಹೋಗಿದ್ದು ಬೆಳಗಿನ ಜಾವ. ಬೆಳಕು ಹರಿಯುವ ಮುಂಚೆಯೇ ನಾನು ನೆಂಟರಿಗೆಲ್ಲ ಒಂದು ಮೆಸೇಜ್ ಹಾಕಿದೆ. ‘ಅಪ್ಪ ಹೋಗಿಬಿಟ್ಟರು. ಕಾರ್ಯ ಊರಲ್ಲೇ.’ ಅಷ್ಟೇ ಬರೆದಿದ್ದು. ಆ ಹೊತ್ತಿನಲ್ಲಿ ಅದಕ್ಕಿಂತ ಜಾಸ್ತಿ ಬರೆಯಲು ಕೈ ಬರಲಿಲ್ಲ. ನನ್ನ ಮನಸ್ಸಿನಲ್ಲಿ ‘ಕಾರ್ಯ’ ಅಂದರೆ ಅವತ್ತು ಮಧ್ಯಾಹ್ನದ ಮಣ್ಣು.

ಅಪ್ಪನ ಜೊತೆ ಓದಿದ ಹಿರಿಯರೊಬ್ಬರಿದ್ದಾರೆ. ಅವರು ಕಾರ್ಯ ಅಂದರೆ 11ನೇ ದಿನದ್ದು ಅಂದುಕೊಂಡರು. ಮಣ್ಣು ಆಗಲೇ ಮುಗಿದಿದೆ, ಕಾರ್ಯದ ದಿನ ಹೋದರಾಯಿತು ಅಂತ ಮನೆಯಲ್ಲೇ ಉಳಿದರು. ಮಾರನೇ ದಿನ ವಿಷಯ ಗೊತ್ತಾಗಿ ಹಾರ ಹಿಡಿದುಕೊಂಡು ಬಂದರು. ಸೀದಾ ತೋಟಕ್ಕೆ ಹೋಗಿ ಹಸಿ ಮಣ್ಣಿನ ಗುಡ್ಡೆಯ ಮುಂದೆ ನಿಂತರು. ‘ಒಂದ್ಸಲ ಮುಖ ನೋಡಬೇಕಿತ್ತು ಕಣಮ್ಮ’ ಅಂದರು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಒಂದು ಪದ ಸರಿಯಾಗಿ ಹಾಕಿದ್ದರೆ ಅವರು ಮುಖ ನೋಡಿರುತ್ತಿದ್ದರು.

ಅದಕ್ಕೇ ಈ ಪ್ರಶ್ನೆ. ಊರಿನ ಕೆಲವರು ಸೇರಿ, ಮನೆಯಲ್ಲಿ ಸಾವಾದಾಗ ಏನೇನು ಮಾಡಬೇಕು ಅಂತ ಒಂದು ಪುಟದ ಹಾಳೆ ಬರೆಯುತ್ತಿದ್ದೇವೆ. ಯಾರಿಗೆ ಹೇಳಿಕಳಿಸಬೇಕು, ಯಾವ ಕಾಗದ ಮೊದಲು, ಯಾವ ಕಚೇರಿ ಆಮೇಲೆ ಅಂತ. ವಿಷಯ ನಮಗೆ ಗೊತ್ತಿದೆ. ಪದಗಳ ಹತ್ತಿರ ಬಂದಾಗ ನಿಂತುಬಿಡುತ್ತೇವೆ.

ಮೊದಲು ‘ಕಾರ್ಯ’. ಮದುವೆ, ಗೃಹಪ್ರವೇಶಕ್ಕೂ ಅದೇ ಪದ. ಅದಕ್ಕೇ ನಮ್ಮವರು ‘ಒಳ್ಳೇ ಕಾರ್ಯ’ ಅಂತ ಬಿಡಿಸಿ ಹೇಳುತ್ತಾರೆ. ಬರೀ ಕಾರ್ಯ ಅಂದರೆ ಸಾವಿನದ್ದು. ಆದರೆ ಸಾವಿನ ಯಾವ ದಿನದ್ದು? ನಮ್ಮ ಊರಲ್ಲೇ ಮೂವರನ್ನು ಕೇಳಿದೆ. ಇಬ್ಬರು 11ನೇ ದಿನದ್ದು ಅಂದರು, ಒಬ್ಬರು ಎರಡಕ್ಕೂ ಅಂತಾರಲ್ವಾ ಅಂದರು.

‘ತಿಥಿ’ ಇನ್ನೂ ತೊಡಕು. ಪಂಚಾಂಗದಲ್ಲಿ ತಿಥಿ ಅಂದರೆ ಚಂದ್ರನ ಲೆಕ್ಕದ ದಿನ, ಪಾಡ್ಯ, ಬಿದಿಗೆ, ತದಿಗೆ. ಬ್ರಾಹ್ಮಣರ ಮನೆಯಲ್ಲಿ ‘ಅಪ್ಪನ ತಿಥಿ’ ಅಂದರೆ ವರ್ಷವರ್ಷವೂ ಮಾಡುವ ಶ್ರಾದ್ಧ. ನಮ್ಮ ಕಡೆ ‘ಅಪ್ಪನ ತಿಥಿ’ ಅಂದರೆ 11ನೇ ದಿನ ಊರಿಗೆಲ್ಲ ಊಟ ಹಾಕುವುದು. ಪದ ಒಂದೇ, ನಡುವೆ ಒಂದು ವರ್ಷದ ಅಂತರ! ಪೇಪರಿನಲ್ಲಿ ಬರುವ ‘ಪುಣ್ಯತಿಥಿ’ ಮಾತ್ರ ಎಲ್ಲರಿಗೂ ವರ್ಷದ್ದೇ.

ಮಣ್ಣಾದಮೇಲೆ ಊಟ ಹಾಕುವ ದಿನಕ್ಕೆ ಬೇರೆ ಬೇರೆ ಕಡೆ ಇರುವ ಹೆಸರುಗಳನ್ನು ಕೂಡಿಸುತ್ತಿದ್ದೇನೆ. ಕರಾವಳಿಯಲ್ಲಿ ಬೊಜ್ಜ. ಲಿಂಗಾಯತರಲ್ಲಿ ಶಿವಗಣಾರಾಧನೆ. ಬ್ರಾಹ್ಮಣರ ಕಾರ್ಡಿನಲ್ಲಿ ವೈಕುಂಠ ಸಮಾರಾಧನೆ, ಶುಭಸ್ವೀಕಾರ. ಕೊಡವರಲ್ಲಿ ಮಾದ. ಉತ್ತರ ಕರ್ನಾಟಕದ ಗೆಳತಿಯ ಬಾಯಲ್ಲಿ ‘ದಿವಸ’, ‘ದಿನಕರ್ಮ’ ಕೇಳಿದ್ದೇನೆ. ಇದೆಲ್ಲಕ್ಕೂ ಸೇರಿಸಿ ‘ಉತ್ತರಕ್ರಿಯೆ’ ಅಂತ ಹಾಕಬಹುದು, ಪೇಪರಿನವರು ಹಾಕುತ್ತಾರೆ. ಆದರೆ ಅಳುತ್ತಾ ಕೂತವರಿಗೆ ಅಂತ್ಯಕ್ರಿಯೆ, ಉತ್ತರಕ್ರಿಯೆ ಎರಡೂ ಒಂದೇ ಥರ ಕೇಳಿಸುತ್ತವೆ. ಫೋನಿನಲ್ಲಿ ಹೇಳಿದರಂತೂ ಮುಗೀತು.

ಹಾಗೆ ನೋಡಿದರೆ ಹಳ್ಳಿಯ ಮಾತು ಎಷ್ಟು ಖಚಿತ ನೋಡಿ. ನಮ್ಮ ಕಡೆ ಯಾರೂ ‘ಅಂತ್ಯಸಂಸ್ಕಾರ ಎಷ್ಟು ಗಂಟೆಗೆ’ ಅಂತ ಕೇಳುವುದಿಲ್ಲ. ‘ಎಷ್ಟೊತ್ತಿಗೆ ಎತ್ತುತ್ತೀರಿ?’ ಅಂತಾರೆ. ಮನೆಯಿಂದ ಚಟ್ಟ ಎತ್ತುವ ಹೊತ್ತು. ಅಷ್ಟರೊಳಗೆ ಬಂದರೆ ಮುಖ ಸಿಗುತ್ತದೆ, ತಡವಾದರೆ ಇಲ್ಲ. ಬರುವವರಿಗೆ ಬೇಕಾದ ಸುದ್ದಿ ಅದೊಂದೇ. ‘ಮಣ್ಣಿಗೆ ಹೋಗಿದ್ದೆ’ ಅಂದರೂ ಹಾಗೇ, ಅನುಮಾನಕ್ಕೆ ಜಾಗವೇ ಇಲ್ಲ. ಮೂರನೇ ದಿನ ಗುಡ್ಡೆಯ ಮೇಲೆ ಬಿಡುವುದಕ್ಕೆ ‘ಹಾಲುತುಪ್ಪ’. ಬಿಡುವ ವಸ್ತುವೇ ಹೆಸರು. ಪೇಪರಿನ ‘ಪಾರ್ಥಿವ ಶರೀರ’ ದೊಡ್ಡ ಮಾತಿನ ಹಾಗೆ ಕಾಣುತ್ತದೆ. ಪಾರ್ಥಿವ ಬಂದಿರುವುದು ಪೃಥ್ವಿಯಿಂದ. ಅದೂ ಮಣ್ಣೇ.

ನನ್ನ ಆಸೆ ಏನೆಂದರೆ ಹಾಳೆಯಲ್ಲಿ ಮೆಸೇಜಿನ ಮಾದರಿ ಹೀಗಿರಲಿ: ‘ಇವತ್ತು ಮಧ್ಯಾಹ್ನ 2 ಗಂಟೆಗೆ ಎತ್ತುತ್ತೇವೆ. ಮಣ್ಣು ನಮ್ಮ ತೋಟದಲ್ಲಿ. 11ನೇ ದಿನದ ಊಟದ ತಾರೀಕು ಆಮೇಲೆ ತಿಳಿಸುತ್ತೇವೆ.’ ಸುಡುವ ಮನೆಯವರು ಮಣ್ಣು ಅನ್ನುವ ಕಡೆ ಸ್ಮಶಾನದ ಹೆಸರು ಹಾಕಲಿ. ಮುಸ್ಲಿಮರ ಮನೆಯಾದರೆ ಜನಾಜ ನಮಾಜು ಎಲ್ಲಿ, ದಫನ್ ಯಾವ ಖಬರಸ್ತಾನದಲ್ಲಿ ಅಂತ, ಕ್ರೈಸ್ತರಾದರೆ ಬಲಿಪೂಜೆ ಯಾವ ಚರ್ಚಿನಲ್ಲಿ ಅಂತ ಬರೆಯಲಿ. ‘ಎತ್ತುತ್ತೇವೆ’ ಅಂತ ಅಚ್ಚು ಹಾಕಿಸಿದರೆ ಒರಟಾಗುತ್ತದೆ ಅಂತ ನಮ್ಮ ಅಣ್ಣನ ತಕರಾರು. ನನಗೆ ಹಾಗೆ ಅನಿಸುವುದಿಲ್ಲ. ನೀವೇನಂತೀರಿ?

ಕಾಗದದ ವಿಷಯದಲ್ಲಿ ‘ಡೆತ್ ಸರ್ಟಿಫಿಕೇಟ್’ ಅನ್ನುವ ಮಾತೇ ಜನರನ್ನು ದಾರಿ ತಪ್ಪಿಸುತ್ತದೆ. ಸಾವಿಗೆ ಏನು ಕಾರಣ ಅಂತ ಡಾಕ್ಟರ್ ಬರೆದುಕೊಡುವ ಕಾಗದವನ್ನೂ ಹಾಗೇ ಕರೆಯುತ್ತಾರೆ. ನೋಂದಣಿ ಆದಮೇಲೆ ಸರ್ಕಾರ ಕೊಡುವ ಮರಣ ಪ್ರಮಾಣಪತ್ರವನ್ನೂ ಹಾಗೇ ಕರೆಯುತ್ತಾರೆ. ಮೊದಲನೆಯದು ಕೈಗೆ ಬಂದಾಗ ಕೆಲಸ ಆಯಿತು ಅಂತ ಬೀರುವಿನಲ್ಲಿಟ್ಟು ಕೂತವರನ್ನು ನಾನೇ ನೋಡಿದ್ದೇನೆ. ಬ್ಯಾಂಕಿಗೆ, ವಿಮೆಗೆ, ಜಮೀನಿಗೆ ಬೇಕಾಗುವುದು ಎರಡನೆಯದು. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ 21 ದಿನದೊಳಗೆ ತಿಳಿಸಿದರೆ ನೋಂದಣಿಗೆ ಶುಲ್ಕವಿಲ್ಲ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶದವರೆಗೂ ಹೋಗಬೇಕು. ಆಸ್ಪತ್ರೆಯಲ್ಲಿ ತೀರಿಕೊಂಡರೆ ಅವರೇ ತಿಳಿಸುತ್ತಾರೆ. ಮನೆಯಲ್ಲಾದರೆ ಮನೆಯವರೇ ತಿಳಿಸಬೇಕು. ಹಾಳೆಯಲ್ಲಿ ಮೊದಲನೆಯದಕ್ಕೆ ‘ಡಾಕ್ಟರ್ ಚೀಟಿ’, ಎರಡನೆಯದಕ್ಕೆ ‘ಮರಣ ಪ್ರಮಾಣಪತ್ರ’ ಅಂತ ಬರೆದಿದ್ದೇನೆ. ಚೀಟಿ ಅಂದರೆ ಅದಕ್ಕೆ ಬೆಲೆ ಇಲ್ಲ ಅಂತ ಬಿಸಾಡಿಬಿಟ್ಟಾರು ಅನ್ನುವ ಭಯವೂ ಇದೆ. ಇದಕ್ಕಿಂತ ಒಳ್ಳೆಯ ಪದ ಸಿಕ್ಕರೆ ಕೊಡಿ.

ಈಗ ‘ಪೌತಿ’. ಅಮ್ಮನನ್ನು ಕರೆದುಕೊಂಡು ಜಮೀನಿನ ಕೆಲಸಕ್ಕೆ ಕಚೇರಿಗೆ ಹೋಗಿದ್ದೆ. ಕೌಂಟರಿನಲ್ಲಿದ್ದವರು ಮೆತ್ತಗೇ ಕೇಳಿದರು, ‘ಪೌತಿಗೆ ಬಂದಿದ್ದೀರಾಮ್ಮ?’ ಅಮ್ಮನಿಗೆ ಅದು ‘ಪಾವತಿ’ ಅಂತ ಕೇಳಿಸಿತು. ಬ್ಯಾಗಿನಿಂದ ಪ್ಲಾಸ್ಟಿಕ್ ಕವರ್ ತೆಗೆದು, ಅಪ್ಪ ವರ್ಷವರ್ಷವೂ ಜೋಪಾನ ಮಾಡಿದ್ದ ಕಂದಾಯದ ರಸೀದಿಗಳನ್ನು ಒಂದೊಂದಾಗಿ ಜೋಡಿಸಿಟ್ಟರು. ‘ಎಲ್ಲಾ ಕಟ್ಟಿದ್ದಾರೆ, ಒಂದೂ ಬಾಕಿ ಇಲ್ಲ’ ಅಂದರು. ಕೌಂಟರಿನವರು ನನ್ನ ಮುಖ ನೋಡಿದರು. ನಾನು ಅಮ್ಮನ ಕಿವಿಯ ಹತ್ತಿರ ಬಾಗಿ ಹೇಳಬೇಕಾಯಿತು, ‘ಪಾವತಿ ಅಲ್ಲಮ್ಮ, ಅಪ್ಪನ ಹೆಸರಿಂದ ಖಾತೆ ಬದಲಾಯಿಸೋದು.’ ಅಮ್ಮ ರಸೀದಿಗಳನ್ನು ಮತ್ತೆ ಕವರಿನೊಳಗೆ ಹಾಕಿಕೊಂಡರು.

ಪೌತಿ ಬಂದಿರುವುದು ಅರಬ್ಬಿಯ ‘ಫೌತ್’ನಿಂದ. ಸಾವು ಅಂತ ಅರ್ಥ. ಉರ್ದುವಿನಲ್ಲಿ ಇವತ್ತಿಗೂ ಸತ್ತರು ಅನ್ನಲು ‘ಫೌತ್ ಹೋಗಯೇ’ ಅಂತಾರೆ. ಮರಾಠಿ ಕಡತಗಳಲ್ಲೂ ‘ಫೌತಿ’ ಇದೆ. ಜಮೀನು, ವಾರಸು, ತಕರಾರು, ದಾಖಲೆ ಬಂದ ದಾರಿಯಲ್ಲೇ ಇದೂ ಬಂದಿದೆ. ಆದರೆ ಅವೆಲ್ಲ ಮನೆಮಾತಾದವು, ಪೌತಿ ಮಾತ್ರ ಕಚೇರಿ ಬಿಟ್ಟು ಬರಲೇ ಇಲ್ಲ. ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸುವುದೇ ಪೌತಿ ಖಾತೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ ಹಿಡಿದು ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಎಷ್ಟೋ ಮನೆಗಳಲ್ಲಿ ತಾತನ ಹೆಸರಿನಲ್ಲೇ ಪಹಣಿ ಇನ್ನೂ ಓಡುತ್ತಿದೆ. ಬೇಕಾದ ಕಾಗದ ಇದ್ದರೂ ಏನು ಕೇಳಬೇಕು ಅನ್ನುವ ಪದವೇ ಗೊತ್ತಿಲ್ಲ.

ಕಚೇರಿಯಲ್ಲಿ ಅದೇ ಪದ ನಡೆಯುವುದರಿಂದ ಅದನ್ನು ಕೈಬಿಡಲು ಆಗುವುದಿಲ್ಲ. ಪಕ್ಕದಲ್ಲಿ ‘ವಾರಸು ಖಾತೆ’ ಅಂತ ಹಾಕಬಹುದಾ? ನನಗೆ ಅದು ಹಿಡಿಸಿದೆ, ವಾರಸು ಎಲ್ಲರಿಗೂ ಗೊತ್ತು. ಇದೇ ಸಾಲಿನಲ್ಲಿ ‘ನಾಮಿನಿ’ಯೂ ಇದೆ. ನಾಮಿನಿ ಅಂದರೆ ದುಡ್ಡಿನ ಒಡೆಯ ಅಂತ ಜನ ತಿಳಿದಿದ್ದಾರೆ. ಬ್ಯಾಂಕಿನ ದುಡ್ಡನ್ನು ವಾರಸುದಾರರ ಪರವಾಗಿ ಕೈಗೆ ತೆಗೆದುಕೊಳ್ಳುವವರು ಅಷ್ಟೇ. ಅಣ್ಣತಮ್ಮಂದಿರ ನಡುವೆ ಈ ಒಂದು ಪದದಿಂದ ಜಗಳ ಹತ್ತುತ್ತದೆ. ‘ಹೆಸರು ಕೊಟ್ಟವರು’ ಅಂತ ಬರೆದು ನೋಡಿದೆ, ಯಾರು ಯಾರಿಗೆ ಕೊಟ್ಟರು ಅಂತ ಗೊಂದಲವಾಯಿತು. ಅಳಿಸಿದೆ.

ಕೊನೆಯದು ‘ಸೂತಕ’. ಸಂಸ್ಕೃತದಲ್ಲಿ ಇದು ಹುಟ್ಟಿಗೆ ಸೇರಿದ ಪದ, ಹೆರಿಗೆಯ ಮೈಲಿಗೆ. ನಮ್ಮ ಬಾಯಲ್ಲಿ ಸೂತಕದ ಮನೆ ಅಂದರೆ ಸಾವಿನ ಮನೆಯೇ, ಹೆರಿಗೆಗೆ ‘ಪುರುಡು’ ಇದೆಯಲ್ಲ. ಹಾಳೆಯಲ್ಲಿ ಈ ಪದ ಬೇಡವೇ ಬೇಡ ಅಂತ ನನ್ನ ಗಟ್ಟಿ ಅಭಿಪ್ರಾಯ. ಶರಣರು ಸೂತಕವನ್ನು ಒಪ್ಪಲಿಲ್ಲ. ಅದೂ ಅಲ್ಲದೆ, ಸೂತಕ ಕಳೆಯಲಿ ಅಂತ ಕಾಯುತ್ತಾ 21 ದಿನದ ಗಡುವಿನಲ್ಲಿ ಅರ್ಧ ಕಳೆದುಕೊಳ್ಳುತ್ತಾರೆ. ಆಚರಿಸುವವರು ಆಚರಿಸಲಿ, ಕಚೇರಿಗೆ ಮನೆಯ ಬೇರೆ ಯಾರಾದರೂ ಹೋಗಬಹುದಲ್ವಾ.

ನಿಮ್ಮಿಂದ ಬೇಕಾದದ್ದು ಇಷ್ಟು. ನಿಮ್ಮ ಊರಲ್ಲಿ ದೇಹ ಮನೆಯಿಂದ ಹೊರಡುವ ಹೊತ್ತಿಗೆ ಏನಂತಾರೆ? ಆಮೇಲಿನ ಊಟದ ದಿನಕ್ಕೆ ಏನಂತಾರೆ? ಊರಿನ, ತಾಲ್ಲೂಕಿನ ಹೆಸರು ಸೇರಿಸಿ ಬರೆಯಿರಿ. ಬೀದರ್, ರಾಯಚೂರು ಕಡೆಯವರು ಮತ್ತು ಕಾಸರಗೋಡಿನವರು ದಯವಿಟ್ಟು ಬರೆಯಿರಿ, ಆ ಕಡೆಯ ಒಂದು ಪದವೂ ನನ್ನ ಪಟ್ಟಿಯಲ್ಲಿ ಇಲ್ಲ.