ಪದಚರ್ಚೆ: ಬ್ಯಾಲಿಸ್ಟಿಕ್ ಆ್ಯಪ್‌ನ ‘ಅಕ್ಯುರಸಿ’ಗೂ ‘ಪ್ರಿಸಿಶನ್’ಗೂ ಒಂದೇ ‘ನಿಖರತೆ’ ಸಾಕೆ?

ಪ್ರಶ್ನೆ

ಸದಸ್ಯರಿಗೆ ನಮಸ್ಕಾರ. ದೂರದ ಗುರಿಗೆ ರೈಫಲ್ ಹೊಡೆಯುವ ಸ್ಪರ್ಧಿಗಳು ಬಳಸುವ, ಗುಂಡು ಎಷ್ಟು ಇಳಿಯುತ್ತದೆ, ಎಷ್ಟು ಪಕ್ಕಕ್ಕೆ ಸರಿಯುತ್ತದೆ ಎಂದು ಲೆಕ್ಕ ಹಾಕಿಕೊಡುವ ಬ್ಯಾಲಿಸ್ಟಿಕ್ ಕ್ಯಾಲ್ಕ್ಯುಲೇಟರ್ ಆ್ಯಪ್ ಒಂದರ ಸಹಾಯಪುಟಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇದನ್ನು ಕೇಳಿದವರು ಅಮೆರಿಕದಲ್ಲಿ 600 ಮತ್ತು 1000 ಗಜದ ಎಫ್-ಕ್ಲಾಸ್ (ಮಲಗಿ, ರೈಫಲನ್ನು ಆಸರೆಗಿಟ್ಟು ಹೊಡೆಯುವ) ಪಂದ್ಯಗಳಲ್ಲಿ ಭಾಗವಹಿಸುವ ಕೆಲವು ಕನ್ನಡಿಗರು. ಶುಕ್ರವಾರದೊಳಗೆ ಕಡತವನ್ನು ಒಪ್ಪಿಸಬೇಕಾಗಿದೆ.

ಮೂಲದಲ್ಲಿ ಒಂದು ಎಚ್ಚರಿಕೆಯ ವಾಕ್ಯವಿದೆ. ಆ್ಯಪ್ ತೋರಿಸುವ ಉತ್ತರದ ಪ್ರಿಸಿಶನ್ ಅನ್ನು ಅಕ್ಯುರಸಿ ಎಂದು ಭ್ರಮಿಸಬಾರದು ಎಂಬುದು ಅದರ ತಾತ್ಪರ್ಯ. ಎರಡಕ್ಕೂ ನಾವು ‘ನಿಖರತೆ’ ಎನ್ನುವುದರಿಂದ ‘ನಿಖರತೆಯನ್ನು ನಿಖರತೆಯೆಂದು ಭ್ರಮಿಸಬೇಡಿ’ ಎಂಬ ವೇದಾಂತವಾಕ್ಯ ಹುಟ್ಟುತ್ತದೆ. ಇದಲ್ಲದೆ ‘ಝೀರೋ’ (ಗೊತ್ತಾದ ದೂರದಲ್ಲಿ ಗುಂಡು ಗುರಿಯಿಟ್ಟಲ್ಲೇ ಬೀಳುವಂತೆ ಹೊಂದಿಸುವುದು), ‘ಸೊಲ್ಯೂಶನ್’ (ಆ್ಯಪ್ ಕೊಡುವ ಉತ್ತರ), ‘ಟ್ರೂಯಿಂಗ್’ ಎಂಬ ಮೂರು ಪದಗಳೂ ಬೇಕಾಗಿವೆ. ‘ರೈಫಲನ್ನು 100 ಗಜಕ್ಕೆ ಶೂನ್ಯ ಮಾಡಿ’ ಎಂದು ಬರೆಯಲಾರೆ; ಶೂನ್ಯ ಮಾಡಿಸುವುದೆಂದರೆ ನಮ್ಮ ಕಡೆ ಇಂದಿಗೂ ಮಾಟವೇ. ದಯವಿಟ್ಟು ಬಳಕೆಯಲ್ಲಿ ನಿಲ್ಲಬಲ್ಲ ಪದಗಳನ್ನು ಸೂಚಿಸಿ.

ಮರುಪತ್ರ 1

ಅಕ್ಯುರಸಿ ನಿಖರತೆ, ಪ್ರಿಸಿಶನ್ ನಿಷ್ಕೃಷ್ಟತೆ. ಎರಡೂ ನಿಘಂಟಿನಲ್ಲಿವೆ. ತೆರೆದು ನೋಡುವ ಅಭ್ಯಾಸವಿದ್ದರೆ ಈ ಪತ್ರವೇ ಬೇಕಿರಲಿಲ್ಲ.

ಮರುಪತ್ರ 2

‘ನಿಷ್ಕೃಷ್ಟತೆ’ಯನ್ನು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ, ಅಷ್ಟರಲ್ಲಿ ಗುಂಡು ಗುರಿಯನ್ನು ದಾಟಿರುತ್ತದೆ.

ಹೊಡೆಯುವ ಕೆಲಸಕ್ಕೆ ಕನ್ನಡದಲ್ಲಿ ಪದಗಳ ಬರವಿಲ್ಲ. ಹಳಗನ್ನಡದಲ್ಲಿ ಎಸು, ಎಚ್ಚಂ, ಎಸುಗೆ ಇವೆ. ಮಲೆನಾಡಿನಲ್ಲಿ ಇಂದಿಗೂ ‘ಒಂದೇ ಈಡಿಗೆ ಬಿತ್ತು’ ಎನ್ನುತ್ತಾರೆ. ಈ ‘ಈಡು’ ‘ಇಡು’ವಿನಿಂದ ಬಂದದ್ದು: ಕೆಡು-ಕೇಡು, ಪಡು-ಪಾಡು, ಬಿಡು-ಬೀಡು ಆದ ಹಾಗೆಯೇ ಇಡು-ಈಡು. ಅದೇ ಈಡಿಗೆ ಸಮ, ಸಾಟಿ ಎಂಬ ಅರ್ಥವೂ ಇದೆ. ಹೊಡೆತವೂ ಅದೇ, ಸರಿಸಾಟಿಯಾಗುವುದೂ ಅದೇ ಎಂದಮೇಲೆ ಅಕ್ಯುರಸಿಗೆ ‘ಈಡುತನ’ ಎನ್ನುವುದಕ್ಕಿಂತ ಸೊಗಸಾದದ್ದು ಏನಿದೆ? ಬ್ಯಾಲಿಸ್ಟಿಕ್ಸ್ ‘ಎಸುಗೆಯರಿಮೆ’, ಆ್ಯಪ್ ‘ಎಸುಗೆಯೆಣಿಕ’. ಮಹಾಪ್ರಾಣವೂ ಬೇಡ, ಎರವಲೂ ಬೇಡ.

ಮರುಪತ್ರ 3

ಪದಗಳನ್ನು ಟಂಕಿಸುವ ಮೊದಲು ಅವು ಯಾವುದನ್ನು ಹೆಸರಿಸಬೇಕು ಎಂಬುದನ್ನು ನೋಡೋಣ. ಈ ಆ್ಯಪ್‌ಗಳನ್ನು ಬಳಸಿ 1000 ಗಜಕ್ಕೆ ಹೊಡೆಯುವವನಾಗಿ ಹೇಳುವುದಾದರೆ, ‘ಆ್ಯಪ್‌ನ ನಿಖರತೆ’ ಎಂಬ ಮಾತಿನಲ್ಲಿ ಮೂರು ಬೇರೆ ಸಂಗತಿಗಳು ಕಲಸಿಹೋಗಿವೆ: ಲೆಕ್ಕದ ಸರಿತನ, ಲೆಕ್ಕಕ್ಕೆ ನಾವು ಕೊಡುವ ಅಂಕಿಗಳ ಸರಿತನ, ಮತ್ತು ತೆರೆಯ ಮೇಲೆ ಕಾಣುವ ದಶಮಾಂಶಗಳ ಸೂಕ್ಷ್ಮತೆ. ಎಚ್ಚರಿಕೆಯ ವಾಕ್ಯ ಹೇಳುತ್ತಿರುವುದು ಕೊನೆಯದನ್ನು ನೋಡಿ ಮೊದಲೆರಡೂ ಇವೆ ಎಂದು ನಂಬಬೇಡಿ ಎಂದು.

ಲೆಕ್ಕದ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಒಂದೇ ಅಂಕಿಗಳನ್ನು ಕೊಟ್ಟರೆ ಹೆಸರಾಂತ ಆ್ಯಪ್‌ಗಳ ಉತ್ತರಗಳು ಸಾಮಾನ್ಯವಾಗಿ ಸ್ಕೋಪಿನ (ರೈಫಲಿನ ಮೇಲಿನ ದುರ್ಬೀನಿನ) ಒಂದು ಕ್ಲಿಕ್ಕಿನ, ಅಂದರೆ ಗುರಿ ಹೊಂದಿಸುವ ತಿರುಪಿನ ಒಂದು ಹೆಜ್ಜೆಯ, ಆಸುಪಾಸಿನಲ್ಲೇ ಇರುತ್ತವೆ. ಯಾವ ಆ್ಯಪ್ ಎಲ್ಲಕ್ಕಿಂತ ನಿಖರ ಎಂಬ ಜಗಳದಲ್ಲಿ ಕಾಲ ಕಳೆಯುವವರು ಬಹುಮಟ್ಟಿಗೆ ತಮ್ಮ ಅಂಕಿಗಳನ್ನು ಪರೀಕ್ಷಿಸದವರು.

ಅಂಕಿಗಳ ಕಥೆ ಬೇರೆ. ಪಾಯಿಂಟ್ 308 ವಿಂಚೆಸ್ಟರ್ ರೈಫಲಿನ 175 ಗ್ರೇನ್ (ಗುಂಡಿನ ತೂಕದ ಅಳತೆ) ಸಿಯೆರಾ ಮ್ಯಾಚ್‌ಕಿಂಗ್ ಗುಂಡನ್ನೇ ತೆಗೆದುಕೊಳ್ಳಿ. ಗಾಳಿಯನ್ನು ಅದು ಎಷ್ಟು ಚೆನ್ನಾಗಿ ಸೀಳುತ್ತದೆ ಎಂಬುದನ್ನು ಹೇಳುವ ಬ್ಯಾಲಿಸ್ಟಿಕ್ ಕೋಎಫಿಶಿಯೆಂಟ್ ಅನ್ನು ತಯಾರಕರು ವೇಗಕ್ಕೆ ತಕ್ಕಂತೆ 0.505, 0.496, 0.485 ಎಂದು ಮೂರಾಗಿ ಕೊಡುತ್ತಾರೆ. ಈ ಮೂರೂ ಜಿ1 ಎಂಬ ಮಾದರಿಗೆ ಹೊಂದಿಸಿದವು. ಜಿ1 ಹತ್ತೊಂಬತ್ತನೆಯ ಶತಮಾನದ, ತಳ ಚಪ್ಪಟೆಯಾದ ಮೋಟು ಗುಂಡಿನ ಮಾದರಿ. ಉದ್ದ ಮೂತಿಯ, ಹಿಂಬದಿ ಕಿರಿದಾಗುವ ಇಂದಿನ ಗುಂಡಿಗೆ ಜಿ7 ಹೆಚ್ಚು ಒಪ್ಪುತ್ತದೆ, ಮತ್ತು ಆ ಮಾದರಿಯಲ್ಲಿ ಇದೇ ಗುಂಡಿನ ಅಂಕಿ ಸುಮಾರು ಅರ್ಧಕ್ಕೆ, 0.24ರ ಹತ್ತಿರಕ್ಕೆ ಇಳಿಯುತ್ತದೆ. ಯಾರಾದರೂ ಪೆಟ್ಟಿಗೆಯ ಮೇಲಿನ 0.505 ಅನ್ನು ನಮೂದಿಸಿ ಮಾದರಿಯ ಜಾಗದಲ್ಲಿ ಜಿ7 ಆರಿಸಿದರೆ ಆ್ಯಪ್ ಆಕ್ಷೇಪಿಸುವುದಿಲ್ಲ. ಗಾಳಿಯೇ ತಾಗದ ಗುಂಡೊಂದನ್ನು ಕಲ್ಪಿಸಿಕೊಂಡು, ಅದಕ್ಕೆ ಎರಡು ದಶಮಾಂಶದವರೆಗೆ ಉತ್ತರ ಕೊಡುತ್ತದೆ. ಗುಂಡು ಗುರಿಫಲಕದಿಂದ ಬಹಳ ಕೆಳಗೆ ಮಣ್ಣಿಗೆ ಬೀಳುತ್ತದೆ.

ಇನ್ನೂ ಸಾಮಾನ್ಯವಾದದ್ದು ವಾಯುಒತ್ತಡದ ಗೊಂದಲ. ಹವಾಮಾನ ವರದಿ ಕೊಡುವ ಒತ್ತಡ ಸಮುದ್ರಮಟ್ಟಕ್ಕೆ ಇಳಿಸಿ ಹೇಳಿದ್ದು. ಗುಂಡಿಗೆ ಬೇಕಾದದ್ದು ನಿಂತ ಜಾಗದಲ್ಲಿ ನಿಜವಾಗಿ ಇರುವ ಒತ್ತಡ. ನ್ಯೂ ಮೆಕ್ಸಿಕೋದ ರಾಟನ್ ಬಳಿಯ ವಿಟಿಂಗ್ಟನ್ ಸೆಂಟರ್ ಸುಮಾರು 6,500 ಅಡಿ ಎತ್ತರದಲ್ಲಿದೆ. ಅಲ್ಲಿ ವರದಿ 30 ಅಂಗುಲ (ಪಾದರಸದ ಎತ್ತರದಲ್ಲಿ ಹೇಳುವ ಒತ್ತಡ) ಎಂದಾಗ ನಿಜವಾದ ಒತ್ತಡ 24 ಅಂಗುಲಕ್ಕಿಂತ ಕಡಿಮೆ ಇರುತ್ತದೆ. ಟೆಕ್ಸಸ್ ಕರಾವಳಿಯಿಂದ ಹೋದವರು 30 ಅನ್ನೇ ಸ್ಥಳದ ಒತ್ತಡವೆಂದು ನಮೂದಿಸಿದರೆ 308ರ ಗುಂಡು 1000 ಗಜದಲ್ಲಿ ನಾಲ್ಕೈದು ಅಡಿ ಮೇಲೆ ಹೋಗುತ್ತದೆ. ಊರಿನ ಲೆಕ್ಕವೂ ಹೀಗೆಯೇ: 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ವರದಿ 1013 ಹೆಕ್ಟೊಪ್ಯಾಸ್ಕಲ್ ಎಂದರೆ ಸ್ಥಳದ ಒತ್ತಡ ಸುಮಾರು 910.

ನಳಿಗೆಬಾಯಿಯ ವೇಗ ಸೆಕೆಂಡಿಗೆ 10 ಅಡಿ ತಪ್ಪಿದರೆ 1000 ಗಜದಲ್ಲಿ ಮೂರು ನಾಲ್ಕು ಅಂಗುಲ ತಪ್ಪುತ್ತದೆ. ಕೆಲವು ಮದ್ದುಗಳಲ್ಲಿ ತಾಪ ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿದರೆ ವೇಗ ಸುಮಾರು ಒಂದು ಅಡಿ ಏರುವುದರಿಂದ, ಬೆಳಗಿನ ತಂಪಿನಲ್ಲಿ ಅಳೆದ ವೇಗ ಮಧ್ಯಾಹ್ನಕ್ಕೆ ಸಲ್ಲುವುದಿಲ್ಲ. ಇನ್ನು ಅಡ್ಡಗಾಳಿ. ಗಂಟೆಗೆ ಒಂದು ಮೈಲಿಯಷ್ಟು ಗಾಳಿಯನ್ನು ತಪ್ಪಾಗಿ ಊಹಿಸಿದರೆ ಇದೇ ಗುಂಡು 1000 ಗಜದಲ್ಲಿ ಒಂಬತ್ತು ಹತ್ತು ಅಂಗುಲ ಪಕ್ಕಕ್ಕೆ ಸರಿಯುತ್ತದೆ. ಅಮೆರಿಕದ 1000 ಗಜದ ಎಫ್-ಕ್ಲಾಸ್ ಗುರಿಫಲಕದಲ್ಲಿ ಹತ್ತು ಅಂಕದ ವೃತ್ತದ ವ್ಯಾಸವೇ 10 ಅಂಗುಲ. ಆ್ಯಪ್ ಮಾತ್ರ 0.01 ಮಿಲ್‌ವರೆಗೆ (ಮಿಲ್ ಕೋನದ ಅಳತೆ), ಅಂದರೆ 1000 ಗಜದಲ್ಲಿ ಒಂಬತ್ತು ಮಿಲಿಮೀಟರ್‌ವರೆಗೆ ಉತ್ತರ ಬರೆಯುತ್ತದೆ. ಸ್ಕೋಪಿನ ಒಂದು ಕ್ಲಿಕ್ಕೇ ಅದರ ಹತ್ತರಷ್ಟು ದೊಡ್ಡದು.

ಆದ್ದರಿಂದ ಅಕ್ಯುರಸಿ ‘ನಿಖರತೆ’ಯಾಗಿಯೇ ಇರಲಿ. ಪ್ರಿಸಿಶನ್‌ಗೆ ಎಲ್ಲ ಕಡೆಯೂ ಒಂದೇ ಪದವನ್ನು ಹುಡುಕಬೇಡಿ. ಆ್ಯಪ್‌ನ ದಶಮಾಂಶಗಳ ಮಾತು ಬಂದಾಗ ‘ಸೂಕ್ಷ್ಮತೆ’ ಎನ್ನಿ. ರೈಫಲಿನ ಹೊಡೆತಗಳು ಒಂದರ ಪಕ್ಕ ಒಂದು ಬೀಳುವ ಗುಣದ ಮಾತು ಬಂದಾಗ ‘ಒತ್ತಟ್ಟು’ ಎನ್ನಬಹುದು. ಐದು ಗುಂಡು ಒಂದೇ ಕಡೆ ಬಿದ್ದೂ ನಡುವಿನಿಂದ ಎರಡಡಿ ದೂರವಿದ್ದರೆ ಒತ್ತಟ್ಟು ಇದೆ, ನಿಖರತೆ ಇಲ್ಲ.

ಮರುಪತ್ರ 4

‘ಒತ್ತಟ್ಟು’ ಒಪ್ಪಿದೆ. ‘ನಿಖರತೆ’ ಮಾತ್ರ ಪತ್ರಿಕೆಗಳಲ್ಲಿ ಸವೆದುಹೋಗಿದೆ. ‘ನಿಖರ ಕಾರಣ ತಿಳಿದುಬಂದಿಲ್ಲ’ ಎಂದು ನಿತ್ಯ ಓದುವವನಿಗೆ ಅದು ಅಳತೆಯ ಮಾತು ಎನ್ನಿಸುವುದಿಲ್ಲ. ನನ್ನ ಮತ ‘ಕರಾರುವಾಕ್ಕು’ ಪರ. ಹಲವರು ಇದನ್ನು ಕರಾರು ಮತ್ತು ವಾಕ್ಕು ಎಂದು ಒಡೆದು, ಕೊಟ್ಟ ಮಾತು ತಪ್ಪದಿರುವುದು ಎಂದು ಬಿಡಿಸುತ್ತಾರೆ. ಅದು ತಪ್ಪು, ಸಂಸ್ಕೃತದ ವಾಕ್ಕಿಗೂ ಇದಕ್ಕೂ ನಂಟಿಲ್ಲ. ಇದು ‘ಕರಾರ್-ಎ-ವಾಕಯೀ’ ಎಂಬ ಅರಬ್ಬೀ-ಪಾರಸಿ ನುಡಿ ಕಚೇರಿಗಳ ಮೂಲಕ ನಮಗೆ ಬಂದ ರೂಪ. ವಾಕಯೀ ಎಂದರೆ ವಾಸ್ತವಕ್ಕೆ ತಕ್ಕದ್ದು. ಅಕ್ಯುರಸಿ ಎಂದರೂ ಅದೇ ಅಲ್ಲವೆ?

ಮರುಪತ್ರ 5

ಸಂಸ್ಕೃತವನ್ನು ಬಿಟ್ಟು ಪಾರಸಿಗೆ ಬಂದೆವು. ಮುಂದಿನ ಪತ್ರದಲ್ಲಿ ಬಹುಶಃ ಲ್ಯಾಟಿನ್. ‘ಈಡುತನ’ದಲ್ಲಿ ಏನು ಕೊರತೆ ಎಂದು ಯಾರೂ ಹೇಳಲಿಲ್ಲ.

ಮರುಪತ್ರ 6

ಕೊರತೆ ಹೇಳುತ್ತೇನೆ. ‘ಈಡುತನ ಕಡಿಮೆ’ ಎಂದು ಓದಿದವರು ಕೋವಿ ಹಾರುವುದಿಲ್ಲ ಎಂದೇ ತಿಳಿಯುತ್ತಾರೆ. ಬೇರು ಕನ್ನಡದ್ದೆಂದ ಮಾತ್ರಕ್ಕೆ ಪದ ಕನ್ನಡಿಗನಿಗೆ ಅರ್ಥವಾಗಬೇಕೆಂದಿಲ್ಲ.

ಎರವಲಿನ ಮಾತನ್ನೇ ಎತ್ತುವುದಾದರೆ ಈ ಕ್ಷೇತ್ರದಲ್ಲಿ ಎರವಲಲ್ಲದ್ದು ಯಾವುದು? ಬಂದೂಕು ಅರಬ್ಬಿಯಿಂದ ಬಂತು, ತುಪಾಕಿ ತುರ್ಕಿಯಿಂದ, ಪಿಸ್ತೂಲು ಮತ್ತು ಕಾಡತೂಸು ಯುರೋಪಿನವರಿಂದ. ಇವುಗಳ ನಡುವೆ ‘ಕೋವಿ’ ಮಾತ್ರ ನಮ್ಮದು. ಕೊಳವೆ ಎಂಬ ಹಳೆಯ ಅರ್ಥದಿಂದ ಬಂದ ಅದು ಕೊಡಗಿನಲ್ಲಿ ಆಯುಧಗಳ ಹಬ್ಬವಾದ ಕೈಲ್‌ಪೊದ್ ದಿನ ಪೂಜೆಗೊಳ್ಳುವಷ್ಟು ಬೇರೂರಿದೆ. ಅದು ಉಳಿದದ್ದು ಜನರ ಕೈಯಲ್ಲಿ ಕೋವಿ ಇದ್ದುದರಿಂದ. ಯಾವ ಪದಸಮಿತಿಯೂ ಅದನ್ನು ಉಳಿಸಲಿಲ್ಲ. ಗುಂಡಿನ ವೇಗವನ್ನು ತೂಗುಲೋಲಕದಿಂದ ಅಳೆಯುವ ಬಗೆಯನ್ನು 1742ರಲ್ಲಿ ಪ್ರಕಟಿಸಿದ ಬೆಂಜಮಿನ್ ರಾಬಿನ್ಸ್ 1751ರಲ್ಲಿ ತೀರಿಕೊಂಡದ್ದು ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ. ಈ ವಿದ್ಯೆ ಅಷ್ಟು ಹತ್ತಿರ ಬಂದರೂ ಅದರ ಪದಗಳು ನಮ್ಮಲ್ಲಿ ಬೆಳೆಯಲಿಲ್ಲ, ಏಕೆಂದರೆ ಲೆಕ್ಕ ಹಾಕಿ ಹೊಡೆಯುವ ಕೆಲಸ ನಮ್ಮ ಮಾತಿನಲ್ಲಿ ನಡೆಯಲಿಲ್ಲ. ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆಗೆ ವಾಯುಒತ್ತಡದ ಅಂಕಿ ಬೇಕಾಗಿರಲಿಲ್ಲ.

ಮರುಪತ್ರ 7, ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ‘ಉತ್ತರದ ಸೂಕ್ಷ್ಮತೆಯನ್ನು ನಿಖರತೆಯೆಂದು ಭ್ರಮಿಸಬೇಡಿ’ ಎಂದು ಬರೆದಿದ್ದೇನೆ. ಝೀರೋ ಮಾಡುವುದಕ್ಕೆ ‘ಗುರಿ ಕೂಡಿಸು’ ಎಂದಿದ್ದೇನೆ. ‘ರೈಫಲಿನ ಗುರಿಯನ್ನು 100 ಗಜಕ್ಕೆ ಕೂಡಿಸಿ’ ಎಂದರೆ ಮಾಟದ ಸೋಂಕಿಲ್ಲ. ಸೊಲ್ಯೂಶನ್‌ಗೆ ‘ಪರಿಹಾರ’ ಎಂದರೆ ನೆರೆಸಂತ್ರಸ್ತರ ನೆನಪಾಗುವುದರಿಂದ ‘ಉತ್ತರ’ ಎಂದೇ ಇಟ್ಟಿದ್ದೇನೆ. ಉಳಿದದ್ದು ಟ್ರೂಯಿಂಗ್. ಆ್ಯಪ್ ಹೇಳಿದ ಇಳಿತಕ್ಕೂ ನಿಜವಾಗಿ ಕಂಡ ಇಳಿತಕ್ಕೂ ವ್ಯತ್ಯಾಸ ಬಂದಾಗ, ವೇಗದ ಅಂಕಿಯನ್ನು ಸ್ವಲ್ಪ ಬದಲಿಸಿ ಎರಡನ್ನೂ ಒಂದು ಮಾಡುವ ಕ್ರಮವಿದು. ‘ನಿಜಗೊಳಿಸು’ ಎನ್ನಲೆ?

ಮರುಪತ್ರ 8

‘ನಿಜಗೊಳಿಸು’ ಬೇಡ, ಅಲ್ಲಿ ನಿಜವಾಗುವುದು ಏನೂ ಇಲ್ಲ. ಸ್ಕೋಪಿನ ಕ್ಲಿಕ್ಕುಗಳೇ ನೂರಕ್ಕೆ ಒಂದರಷ್ಟು ಹೆಚ್ಚುಕಡಿಮೆ ತಿರುಗುತ್ತಿದ್ದರೆ, 11 ಮಿಲ್ ಏರಿಸುವಾಗ 1000 ಗಜದಲ್ಲಿ ಸುಮಾರು ನಾಲ್ಕು ಅಂಗುಲ ತಪ್ಪುತ್ತದೆ. ಆ ತಪ್ಪನ್ನು ವೇಗದ ಅಂಕಿಯಲ್ಲಿ ಬಚ್ಚಿಟ್ಟರೆ ಉತ್ತರ 1000 ಗಜಕ್ಕೆ ಸರಿಹೋಗುತ್ತದೆ, 600 ಗಜಕ್ಕೂ ಬೇರೆ ಹವಾಮಾನಕ್ಕೂ ಸರಿಹೋಗಬೇಕೆಂದಿಲ್ಲ. ಲೆಕ್ಕಪತ್ರದವರ ‘ತಾಳೆ’ ಇದಕ್ಕೆ ಒಪ್ಪುತ್ತದೆ: ‘ಕಂಡ ಇಳಿತಕ್ಕೆ ತಾಳೆ ಮಾಡಿ’. ತಾಳೆಯಾದ ಲೆಕ್ಕವೆಲ್ಲ ಸರಿಯಾದ ಲೆಕ್ಕವಲ್ಲ ಎಂಬುದು ಖಾತೆ ಬರೆದವರಿಗೆ ಗೊತ್ತಿರುವುದರಿಂದ, ಪದದಲ್ಲೇ ಎಚ್ಚರಿಕೆ ಅಡಗಿದೆ.

ಸಹಾಯಪುಟದಲ್ಲಿ ಕ್ರಮವನ್ನೂ ಸ್ಪಷ್ಟವಾಗಿ ಬರೆಯಿರಿ: ಮೊದಲು ಸ್ಕೋಪಿನ ಕ್ಲಿಕ್ಕುಗಳನ್ನು ಎತ್ತರದ ಫಲಕದ ಮೇಲೆ ಅಳೆದು ನೋಡಬೇಕು, ಆಮೇಲೆ ಸ್ಥಳದ ಒತ್ತಡ, ಆಮೇಲೆ ವೇಗದ ತಾಳೆ. ವೇಗವನ್ನು ತಾಳೆ ಮಾಡುವುದು ಗುಂಡು ಶಬ್ದವೇಗಕ್ಕಿಂತ ಚೆನ್ನಾಗಿ ಮೇಲಿರುವ ದೂರದಲ್ಲಿ ಮಾತ್ರ. ಸಮುದ್ರಮಟ್ಟದಲ್ಲಿ 175 ಗ್ರೇನ್ ಗುಂಡು 1000 ಗಜ ತಲುಪುವ ಹೊತ್ತಿಗೆ ಶಬ್ದವೇಗದ ಸಮೀಪಕ್ಕೆ ಇಳಿದಿರುತ್ತದೆ. ಅಲ್ಲಿ ಕಂಡ ವ್ಯತ್ಯಾಸವನ್ನು ನಳಿಗೆಬಾಯಿಯ ವೇಗದ ತಲೆಗೆ ಕಟ್ಟುವುದು ಸರಿಯಲ್ಲ.

ಮರುಪತ್ರ 9

‘ತಾಳೆ’ ಒಳ್ಳೆಯದು. ‘ಸೂಕ್ಷ್ಮತೆ’ಯ ಕ್ಷಕಾರದ ಬಗ್ಗೆ ನನ್ನ ಆಕ್ಷೇಪಣೆ ಉಳಿದಿದೆ. ಆಕ್ಷೇಪಣೆಯಲ್ಲೂ ಕ್ಷಕಾರವಿದೆ ಎಂದು ಯಾರೂ ಪತ್ರ ಬರೆಯಬೇಕಾಗಿಲ್ಲ.