ಗಿಂಪ್ 3.0: ಬ್ಲರ್ ಹಾಕಿದ ಲೇಯರ್‌ನಲ್ಲಿ ಬ್ರಶ್ ಏಕೆ ತಡವರಿಸುತ್ತದೆ?

ಪ್ರಶ್ನೆ: ಚಿತ್ರ ತಿದ್ದುವ ತಂತ್ರಾಂಶ ಗಿಂಪ್‌ನ 2.10 ಆವೃತ್ತಿಯಿಂದ 3.0ಕ್ಕೆ ಬಂದ ಮೇಲೆ, ಗಾಸಿಯನ್ ಬ್ಲರ್ (ಮಸುಕು ಮಾಡುವ ಫಿಲ್ಟರ್) ಹಾಕಿದ ಲೇಯರ್‌ನಲ್ಲಿ (ಚಿತ್ರದ ಪದರದಲ್ಲಿ) ಬಣ್ಣ ಹಚ್ಚಿದರೆ ಗೆರೆ ಕೈಗಿಂತ ಹಿಂದೆ ಉಳಿಯುತ್ತದೆ. ಹೊಸ ಗೆರೆಯೂ ಮಸುಕಾಗಿಯೇ ಬೀಳುತ್ತದೆ. ಬ್ರಶ್ ಸೆಟ್ಟಿಂಗ್ ಬದಲಾಗಿಲ್ಲ.

ಉತ್ತರ 1: ತಪ್ಪು ಬ್ರಶ್‌ನದ್ದಲ್ಲ. 2025ರ ಮಾರ್ಚ್‌ನಲ್ಲಿ ಬಂದ 3.0ರಲ್ಲಿ ಫಿಲ್ಟರ್ ತಾನಾಗಿ ಪಿಕ್ಸೆಲ್‌ಗಳಲ್ಲಿ ಬೆರೆಯುವುದಿಲ್ಲ, ಲೇಯರ್ ಮೇಲೆ ಬೇರೆಯಾಗಿಯೇ ಕೂತಿರುತ್ತದೆ. ಗೆರೆ ಎಳೆದಾಗಲೆಲ್ಲ ಬ್ಲರ್ ಮತ್ತೆ ಲೆಕ್ಕವಾಗಬೇಕು. ಕ್ಯಾನ್ವಾಸ್ ದೊಡ್ಡದಾದಷ್ಟೂ ನಿಧಾನ. ಲೇಯರ್ ಸಾಲಿನ ಎಫ್‌ಎಕ್ಸ್ ಗುರುತು ಒತ್ತಿ, ಫಿಲ್ಟರ್ ಪಕ್ಕದ ಕಣ್ಣು ಮುಚ್ಚಿ, ಬಣ್ಣ ಹಚ್ಚಿ, ಆಮೇಲೆ ತೆರೆಯಿರಿ. ಹಳೆಯ ರೀತಿಯೇ ಬೇಕಿದ್ದರೆ ಫಿಲ್ಟರ್ ಹಾಕುವಾಗಲೇ ‘ಮರ್ಜ್ ಫಿಲ್ಟರ್’ಗೆ ಟಿಕ್ ಹಾಕಿ.

ಉತ್ತರ 2: ಮರ್ಜ್‌ಗೆ ಅವಸರ ಬೇಡ, ಆಮೇಲೆ ಬ್ಲರ್ ಪ್ರಮಾಣ ತಿದ್ದಲಾಗದು. ಚೂಪಾದ ಗೆರೆಗೆ ಮೇಲೊಂದು ಹೊಸ ಲೇಯರ್ ಸಾಕು. ಮೂಲ ಕಡತವನ್ನು ಗಿಂಪ್‌ನದೇ ರೂಪವಾದ ಎಕ್ಸ್‌ಸಿಎಫ್ ಆಗಿಯೇ ಉಳಿಸಿ. ಪಿಎನ್‌ಜಿಗೆ ಎಕ್ಸ್‌ಪೋರ್ಟ್ ಮಾಡಿದರೆ ಫಿಲ್ಟರ್ ಚಿತ್ರದೊಳಗೇ ಬೆರೆತುಹೋಗುತ್ತದೆ. ಫಿಲ್ಟರ್ ಬೇರೆಯಾಗಿ ಉಳಿಯುವುದು ಎಷ್ಟೋ ವರ್ಷ ಕಾದು ಸಿಕ್ಕ ಸೌಲಭ್ಯ, ದಯವಿಟ್ಟು ಬಳಸಿ.

ಉತ್ತರ 3: ಇನ್ನೊಂದು ಮಾತು, ಪೈಥಾನ್ 2 ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಪ್ಲಗಿನ್‌ಗಳು (ಗಿಂಪ್‌ಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂಗಳು) 3.0ರಲ್ಲಿ ಓಡುವುದಿಲ್ಲ. ಅವು ಬೇಕೇಬೇಕಿದ್ದರೆ 2.10 ಅನ್ನು ತೆಗೆದುಹಾಕಬೇಡಿ.